ಎರಡು ಸಿನಿಮಾ, ಒಂದು ಸಂಸಾರ

ಕಳೆದ ದೀಪಾವಳಿ ಸೂಟಿಗೆ ನನ್ನ ತಂಗಿಯ ಮಗ ಬೆಳಗಾವಿಯಿಂದ ನಮ್ಮ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಓದುವ ಹುಡುಗ. ಪಿಯುಸಿ ಎರಡು ವರ್ಷ ನಮ್ಮ ಗೋಕಾಕದ ಮನೆಯಲ್ಲೇ ಇದ್ದು ಓದಿದವನು. ಆ ಸಂಜೆ ನಮ್ಮನೆಯವರು ಅಂಗಡಿಯಿಂದ ಬರುವುದು ತಡವಿತ್ತು. ಹಿಂಡಿ ಕುಟ್ಟಲೆಂದು ನಾನು ಶೇಂಗಾ ಸುಲಿಯುತ್ತ ಕುಳಿತಿದ್ದೆ.

"ದೊಡ್ಡವ್ವ, ಒಂದು ಸಿನಿಮಾ ತೋರಸ್ತೀನಿ ಬಾ" ಅಂದ.

"ಯಾರದಪಾ, ರಾಜಕುಮಾರಂದಾ?"

"ಅಲ್ಲ, ಫ್ರಾನ್ಸ್ ದೇಶದ್ದು. 'ಅನಾಟಮಿ ಆಫ್ ಎ ಫಾಲ್' ಅಂತ ಹೆಸರು."

ಫಾಲ್ ಅಂದ ಕೂಡಲೆ ಗೋಕಾಕದವರಿಗೆ ಬೇರೆ ಏನು ನೆನಪಾದೀತು? "ನೀರು ಬೀಳೂದು ನೋಡಾಕ ಫ್ರಾನ್ಸಿಗೆ ಯಾಕ ಹೋಗಬೇಕೋ? ನಮ್ಮ ಫಾಲ್ಸ್ ಇಲ್ಲೇ ಐತಲ್ಲ" ಅಂದೆ.

ಹುಡುಗ ನಕ್ಕ. "ನೀರು ಬೀಳೂದಲ್ಲ ದೊಡ್ಡವ್ವ, ಸಂಸಾರ ಬೀಳೂದು."

ಅವನು ನಗುತ್ತಲೇ ಅಂದ. ನನ್ನ ಕೈಯೊಳಗಿನ ಶೇಂಗಾ ಮಾತ್ರ ಕೈಯೊಳಗೇ ಉಳಿಯಿತು. ಯಾಕೆಂದರೆ ಅವನ ಅಪ್ಪ ಅವ್ವನ ಸಂಸಾರ ಬಿದ್ದದ್ದು ಅವನು ಐದು ವರ್ಷದ ಕೂಸಿದ್ದಾಗ. ಅದು ಹೇಗೆ ಬಿತ್ತೆಂದು ಅವನೂ ಕೇಳಿರಲಿಲ್ಲ, ನಾವ್ಯಾರೂ ಹೇಳಿರಲಿಲ್ಲ.

ನಾನು ಎಸ್ಸೆಸ್ಸೆಲ್ಸಿ ಓದಿದವಳು. ನನ್ನ ಇಂಗ್ಲಿಷ್ ಔಷಧದ ಚೀಟಿ ಓದುವಷ್ಟು ಮಾತ್ರ, ಫ್ರೆಂಚಂತೂ ದೂರವೇ ಉಳಿಯಿತು. ಲ್ಯಾಪ್‌ಟಾಪಿನ ತೆರೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಹುಡುಗ ಓದಿ ಓದಿ ನಮ್ಮ ಮಾತಿನಲ್ಲಿ ಹೇಳುತ್ತಾ ಹೋದ. ಎರಡೂವರೆ ತಾಸಿನ ಚಿತ್ರವನ್ನು ನಾವು ಮುಗಿಸುವಾಗ ನಾಲ್ಕು ತಾಸಾಗಿತ್ತು. ನಡುವೆ ಅನ್ನಕ್ಕಿಟ್ಟೆ, ನಮ್ಮನೆಯವರಿಗೆ ಬಡಿಸಿದೆ, ಮತ್ತೆ ಬಂದು ಕುಳಿತೆ. ಕುಳಿತರೆ ಏಳುವ ಮನಸ್ಸಾಗದಂಥ ಚಿತ್ರ.

ಇದನ್ನು ತೆಗೆದವರು ಜುಸ್ತೀನ್ ತ್ರಿಯೆ ಎಂಬ ಹೆಣ್ಣುಮಗಳು. 2023ರಲ್ಲಿ ಕಾನ್ ಚಿತ್ರೋತ್ಸವದ ಅತಿ ದೊಡ್ಡ ಬಹುಮಾನ ಈ ಚಿತ್ರಕ್ಕೆ ಬಂತು. ಆ ಬಹುಮಾನ ಪಡೆದ ಹೆಣ್ಣುಮಕ್ಕಳಲ್ಲಿ ಈಕೆ ಮೂರನೆಯವರು. ಮರುವರ್ಷ ಚಿತ್ರಕಥೆಗೆ ಅಮೆರಿಕದ ಆಸ್ಕರ್ ಪ್ರಶಸ್ತಿಯೂ ಸಿಕ್ಕಿತು. ಆ ಕಥೆಯನ್ನು ಆಕೆ ತನ್ನ ಬಾಳಸಂಗಾತಿ ಆರ್ತುರ್ ಹರಾರಿಯ ಜೊತೆ ಕೂಡಿ ಬರೆದರಂತೆ. ಸಂಸಾರ ಮುರಿಯುವ ಕಥೆಯನ್ನು ಇಬ್ಬರೂ ಕೂಡಿ ಕುಳಿತು ಬರೆಯುವುದೆಂದರೆ ನೋಡಿ!

ಕಥೆ ಹೀಗಿದೆ. ಹಿಮ ಬೀಳುವ ಗುಡ್ಡದ ಮೇಲೆ ಒಂಟಿ ಮನೆ. ಹೆಂಡತಿ ಸಾಂದ್ರಾ ಹೆಸರಾದ ಲೇಖಕಿ, ಜರ್ಮನಿಯವಳು. ಗಂಡ ಸಾಮ್ಯುಯೆಲ್ ಫ್ರೆಂಚರವನು, ಶಾಲೆಯಲ್ಲಿ ಕಲಿಸುವವನು. ತಾನೂ ಪುಸ್ತಕ ಬರೆಯಬೇಕೆಂದು ಆಸೆಪಟ್ಟು ಬರೆಯಲಾಗದೆ ಉಳಿದವನು. ಅವಳ ಮಾತು ಇವನಿಗೆ ಬಾರದು, ಇವನ ಮಾತು ಅವಳಿಗೆ ಅರ್ಧಂಬರ್ಧ. ಹಾಗಾಗಿ ಮನೆಯಲ್ಲಿ ಇಬ್ಬರೂ ಇಂಗ್ಲಿಷಿನಲ್ಲಿ ಜಗಳಾಡುತ್ತಾರೆ. ಹನ್ನೊಂದು ವರ್ಷದ ಮಗ ದಾನಿಯೆಲ್. ಚಿಕ್ಕವನಿದ್ದಾಗ ಆದ ಅಪಘಾತದಲ್ಲಿ ಕಣ್ಣು ಮಂದವಾದ ಹುಡುಗ. ಅವನ ಜೊತೆ ಯಾವಾಗಲೂ ಒಂದು ನಾಯಿ. ಒಂದು ದಿನ ಹುಡುಗ ನಾಯಿಯ ಜೊತೆ ತಿರುಗಾಡಿ ಬರುತ್ತಾನೆ. ಮನೆಯ ಮುಂದೆ ಹಿಮದ ಮೇಲೆ ಅಪ್ಪ ಸತ್ತು ಬಿದ್ದಿದ್ದಾನೆ. ಮೇಲಿನಿಂದ ತಾನೇ ಬಿದ್ದನೋ, ಹಾರಿಕೊಂಡನೋ, ಹೆಂಡತಿ ದಬ್ಬಿದಳೋ? ಮನೆಯಲ್ಲಿದ್ದವಳು ಅವಳೊಬ್ಬಳೇ. ಅವಳ ಮೇಲೆ ಖಟ್ಲೆ ಆಗುತ್ತದೆ.

ಆದರೆ ಕೋರ್ಟಿನಲ್ಲಿ ವಿಚಾರಣೆ ಆಗುವುದು ಸಾವಿನದ್ದಲ್ಲ, ಸಂಸಾರದ್ದು. ಯಾರು ಎಷ್ಟು ದುಡಿದರು, ಯಾರು ಯಾರ ಜೊತೆ ಮಲಗಲಿಲ್ಲ, ಯಾರು ಯಾರ ಆಸೆಗೆ ಅಡ್ಡ ಬಂದರು, ಎಲ್ಲವೂ ಕರಿಕೋಟಿನವರ ಬಾಯಲ್ಲಿ.

ಒಂದು ಜಾಗದಲ್ಲಿ ನನಗೆ ನಗು ಬಂತು. ಗಂಡ ಹೆಂಡತಿಗೆ ಹೇಳುತ್ತಾನೆ: ಮಗನಿಗೆ ಪಾಠ ಹೇಳುವವನು ನಾನು, ಮನೆ ರಿಪೇರಿ ನಾನು, ನಿನ್ನ ಬರವಣಿಗೆಗೆ ಹೊತ್ತಿದೆ, ನನ್ನದಕ್ಕೆ ಹೊತ್ತು ಎಲ್ಲಿದೆ, ಎಂಬ ಅರ್ಥದಲ್ಲಿ. ಗೆಳತಿಯರೇ, ಇದು ನಮ್ಮ ಮಾತಲ್ಲವೆ? ಒಲೆಯ ಮುಂದೆ ನಿಂತು ನಾವು ಮನಸ್ಸಿನಲ್ಲೇ ಎಷ್ಟು ಸಲ ಅಂದುಕೊಂಡಿಲ್ಲ! ಅಷ್ಟು ದೂರದ ಗಂಡಸೊಬ್ಬನ ಬಾಯಲ್ಲಿ ಕೇಳಿದಾಗ ಒಂದು ಮಾತು ತಿಳಿಯಿತು. ದಣಿವು ಹೆಣ್ಣಿನದೂ ಅಲ್ಲ ಗಂಡಿನದೂ ಅಲ್ಲ. ಮನೆಯಲ್ಲಿ ಯಾರ ಮಾತಿಗೆ ಬೆಲೆ ಇಲ್ಲವೋ ಅವರದು.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಸಾಯುವ ಹಿಂದಿನ ದಿನ ಇಬ್ಬರೂ ದೊಡ್ಡ ಜಗಳ ಮಾಡಿರುತ್ತಾರೆ. ಗಂಡ ಅದನ್ನು ಹೆಂಡತಿಗೆ ತಿಳಿಯದ ಹಾಗೆ ಧ್ವನಿಮುದ್ರಣ ಮಾಡಿಟ್ಟಿರುತ್ತಾನೆ. ಕೋರ್ಟಿನಲ್ಲಿ ಅದನ್ನು ಎಲ್ಲರ ಮುಂದೆ, ಮಗನ ಮುಂದೆ ಹಾಕುತ್ತಾರೆ. ಮೊದಲು ನಮಗೆ ಆ ಅಡಿಗೆಮನೆ, ಆ ಇಬ್ಬರು ಕಾಣುತ್ತಾರೆ. ಮಾತಿಗೆ ಮಾತು ಬೆಳೆದು, ಇನ್ನೇನು ಕೈ ಮಿಲಾಯಿಸಬೇಕು ಅನ್ನುವಾಗ ಚಿತ್ರ ಹೋಗಿಬಿಡುತ್ತದೆ. ಕೋರ್ಟಿನಲ್ಲಿ ಕುಳಿತವರ ಮುಖ ಅಷ್ಟೇ ಕಾಣುತ್ತದೆ. ಏನೋ ಒಡೆದ ಸದ್ದು, ಏಟಿನ ಸದ್ದು. ಯಾರು ಹೊಡೆದರು, ಯಾರಿಗೆ ಬಿತ್ತು? ಕಣ್ಣಿದ್ದ ನಾವೂ ಆ ಮಂದಗಣ್ಣಿನ ಹುಡುಗನ ಹಾಗೆ ಬರೀ ಕಿವಿಯಿಂದ ಊಹಿಸಬೇಕು.

ಕೊನೆಗೆ ಎಲ್ಲ ಬಂದು ನಿಲ್ಲುವುದು ಆ ಹುಡುಗನ ಮೇಲೆ. ಸಾಕ್ಷಿ ಹೇಳುವ ಮುಂಚೆ ಅವನು ಅವ್ವನನ್ನೇ ಎರಡು ದಿನ ಮನೆಯಿಂದ ಹೊರಗಿರು ಅನ್ನುತ್ತಾನೆ. ಅವನನ್ನು ನೋಡಿಕೊಳ್ಳಲು ಕೋರ್ಟು ನೇಮಿಸಿದ ಹೆಣ್ಣುಮಗಳು ಅವನಿಗೆ ಒಂದು ಮಾತು ಹೇಳುತ್ತಾಳೆ: ಪುರಾವೆ ಸಾಲದೆ ಇದ್ದಾಗ, ಎರಡರಲ್ಲಿ ಯಾವುದನ್ನು ನಂಬಬೇಕೆಂದು ನಾವೇ ತೀರ್ಮಾನ ಮಾಡಬೇಕಾಗುತ್ತದೆ, ಎಂಬ ಅರ್ಥದ ಮಾತು. ಹುಡುಗ ಸಾಕ್ಷಿ ಹೇಳುತ್ತಾನೆ. ಅವ್ವ ಬಿಡುಗಡೆ ಆಗುತ್ತಾಳೆ. ನಿಜವಾಗಿ ಏನಾಯಿತೆಂದು ಚಿತ್ರ ಹೇಳುವುದೇ ಇಲ್ಲ.

ಲ್ಯಾಪ್‌ಟಾಪು ಮುಚ್ಚಿ ನಮ್ಮ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನನ್ನ ಕಡೆ ನೋಡದೆ ಕೇಳಿದ: "ದೊಡ್ಡವ್ವ, ಅಪ್ಪಾ ಅವ್ವಾ ಜಗಳಾಡಿದ ದಿನ ನೀ ಹುಕ್ಕೇರಿ ಮನ್ಯಾಗ ಇದ್ದಿ ಅಂತಲ್ಲ. ಅವತ್ತ ಏನಾಗಿತ್ತ?"

"ನಾಳೆ ಹೇಳ್ತೀನಿ. ಈಗ ಹೊತ್ತಾಗೇತಿ, ಮಲಕೋ" ಅಂದೆ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಫ್ರಾನ್ಸಿನ ಹೆಂಗಸಿನ ಮುಖದ ಬದಲಿಗೆ ಮತ್ತೆ ಮತ್ತೆ ನಮ್ಮ ಕಲ್ಪನಾ ಅವರ ಮುಖ ಕಣ್ಣ ಮುಂದೆ ಬರುತ್ತಿತ್ತು.

'ಶರಪಂಜರ' ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ! 1971ರ ಚಿತ್ರ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ, ಕಾವೇರಿಯಾಗಿ ಕಲ್ಪನಾ, ಗಂಡ ಸತೀಶನಾಗಿ ಗಂಗಾಧರ್. ಉತ್ತಮ ಕನ್ನಡ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ನಾನು ನೋಡಿದ್ದು ಮೂಡಲಗಿಯಲ್ಲಿ, ಏಳನೆಯ ತರಗತಿಯಲ್ಲಿದ್ದಾಗ, ನಮ್ಮ ಓಣಿಯಲ್ಲಿದ್ದ ಒಂದೇ ಒಂದು ಟೀವಿಯಲ್ಲಿ. ಪಡಸಾಲೆ ತುಂಬ ಹೆಂಗಸರು. ನನ್ನ ತಂಗಿ ನನ್ನ ತೊಡೆಯ ಮೇಲೆ. ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಆಳುಗಳು, ನೆರೆಯವರು, ಕೈ ಹಿಡಿದ ಗಂಡ, ಎಲ್ಲರೂ ಅವಳನ್ನು ಹುಚ್ಚಿಯಂತೆಯೇ ನೋಡುತ್ತಾರೆ. ಗಂಡನಿಗೆ ಬೇರೆ ಹೆಣ್ಣಿನ ಸಂಗ ಆಗಿರುತ್ತದೆ. ಅದು ತಿಳಿದ ದಿನ ಗುಣವಾದ ಮನಸ್ಸು ಮತ್ತೆ ಒಡೆಯುತ್ತದೆ. ಆ ದಿನ ಪಡಸಾಲೆಯಲ್ಲಿ ಅಳದವರು ಯಾರೂ ಇರಲಿಲ್ಲ. ನಮ್ಮ ಅವ್ವನಂತೂ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಿದ್ದಳು.

ಸಿನಿಮಾದಲ್ಲಿ ಅಷ್ಟು ಅತ್ತ ನಾವು, ಅದೇ ಕಥೆ ನಮ್ಮ ಮನೆಗೆ ಬಂದಾಗ ಏನು ಮಾಡಿದೆವು ಅನ್ನುವುದನ್ನೇ ಈಗ ಬರೆಯಬೇಕಾಗಿದೆ.

ನನ್ನ ತಂಗಿಯನ್ನು ಹುಕ್ಕೇರಿಗೆ ಕೊಟ್ಟದ್ದು 2003ರಲ್ಲಿ. ಒಳ್ಳೆಯ ಮನೆ, ನೀರಾವರಿ ಹೊಲ, ಕಬ್ಬು. ಅಳಿಯ ಕೆಟ್ಟವನಲ್ಲ. 2005ರಲ್ಲಿ ಚೊಚ್ಚಲ ಹೆರಿಗೆಗೆ ತಂಗಿ ಮೂಡಲಗಿಗೆ ಬಂದಳು. ಗಂಡು ಕೂಸು. ಎಲ್ಲ ಸುಖವಾಗಿ ಆಯಿತು. ಅವ್ವ ಅಂಟಿನ ಉಂಡಿ ಕಟ್ಟಿ ಡಬ್ಬಿ ತುಂಬಿದ್ದಳು. ಒಂಬತ್ತನೆಯ ದಿನದಿಂದ ತಂಗಿಗೆ ನಿದ್ದೆ ಹೋಯಿತು. ರಾತ್ರಿಯೆಲ್ಲ ಬಾಣಂತಿ ಕೋಣೆಯಲ್ಲಿ ತನ್ನಷ್ಟಕ್ಕೆ ಮಾತಾಡುವಳು. ಕೂಸನ್ನು ಕೊಟ್ಟರೆ "ಇದು ನಂದಲ್ಲ" ಅನ್ನುವಳು. ಗಾಳಿ ಸೋಂಕಿದೆ ಅಂದರು ಕೆಲವರು, ದೃಷ್ಟಿ ಅಂದರು ಕೆಲವರು. ತಾಯತ ಕಟ್ಟಿಸಿದೆವು, ಬೇವಿನ ಸೊಪ್ಪಿನಿಂದ ಇಳಿ ತೆಗೆಸಿದೆವು. ಹೀಗೆ ಹದಿನೈದು ದಿನ ಹಾಳಾದವು. ಕೊನೆಗೆ ಒಬ್ಬ ನರ್ಸಬಾಯಿ, "ಇದು ಬಾಣಂತಿ ಸನ್ನಿ ಐತಿರಿ, ಧಾರವಾಡಕ್ಕ ಕರಕೊಂಡ ಹೋಗ್ರಿ, ಆರಾಮಾಗ್ತಾಳ" ಅಂದಳು. ಧಾರವಾಡದ ಮಾನಸಿಕ ಆಸ್ಪತ್ರೆಯಲ್ಲಿ ತೋರಿಸಿದೆವು. ಒಂದು ತಿಂಗಳಿಗೆ ನಿದ್ದೆ ಬಂತು, ಎರಡು ತಿಂಗಳಿಗೆ ಕೂಸನ್ನು ಎದೆಗೆ ಹಾಕಿಕೊಂಡಳು. ಅವತ್ತು ಅವ್ವ ಅತ್ತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಈ ಜಡ್ಡು ಬರುತ್ತದೆ. ಹೆಚ್ಚಾಗಿ ಹೆರಿಗೆಯಾದ ಎರಡು ವಾರದೊಳಗೆ. ತಡ ಮಾಡದೆ ಔಷಧ ಮಾಡಿದರೆ ಗುಣವಾಗುತ್ತದೆ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರು ಇದನ್ನು ಅಷ್ಟು ಹಿಂದೆಯೇ ತಿಳಿದು ಬರೆದಿದ್ದರು. ಆ ತಾಯಿಯೂ 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ ಕೇವಲ 34 ವರ್ಷ.

ತಂಗಿ ಗುಣವಾಗಿ ಹುಕ್ಕೇರಿಗೆ ಹೋದಳು. ಅಲ್ಲಿಂದ ಸುರುವಾಯಿತು ನಿಜವಾದ ಕಥೆ. ಜೋರಾಗಿ ನಕ್ಕರೆ ಅತ್ತೆ ಮಗನ ಮುಖ ನೋಡುವಳು. ಅತ್ತರೆ "ಮತ್ತ ಸುರು ಆತೇನ?" ಪಲ್ಯಕ್ಕೆ ಉಪ್ಪು ಹೆಚ್ಚಾದರೆ "ಗುಳಿಗಿ ತಗೊಂಡಿಲ್ಲೇನ?" ನಮ್ಮ ನಿಮ್ಮ ಮನೆಯಲ್ಲಿ ಉಪ್ಪು ಹೆಚ್ಚಾದರೆ ಉಪ್ಪು ಹೆಚ್ಚಾಯಿತು ಅನ್ನುತ್ತಾರೆ. ಅವಳ ಮನೆಯಲ್ಲಿ ತಲೆ ಕೆಟ್ಟಿತು ಅನ್ನುತ್ತಿದ್ದರು. ಡಾಕ್ಟರು ಗುಳಿಗೆ ನಿಲ್ಲಿಸಿ ಎರಡು ವರ್ಷವಾದರೂ ಅತ್ತೆ ಗುಳಿಗೆಯ ಚೀಟಿಯನ್ನು ಕಪಾಟಿನಿಂದ ತೆಗೆಯಲಿಲ್ಲ. ಮೂರು ಸಲ ತಂಗಿ ತವರಿಗೆ ಬಂದಳು. ಮೂರು ಸಲವೂ "ಹೊಂದಿಕೊಂಡು ಹೋಗವಾ, ಹೆಣ್ಣಿನ ಬಾಳೇವು ಅಂದ್ರ ಇಷ್ಟ" ಎಂದು ಉಡಿ ತುಂಬಿ ಬಸ್ಸು ಹತ್ತಿಸಿದವಳು ನಾನೇ.

ಒಂದು ಸಲ ಅವಳನ್ನು ಬಿಟ್ಟು ಬರಲು ಹೋದಾಗ ಸಂಕೇಶ್ವರದವರೆಗೂ ಹೋಗಬೇಕಾಯಿತು, ಅವಳ ನಾದಿನಿಯ ಮನೆಗೆ. ಬಸ್ಸಿನಲ್ಲಿ ಒಬ್ಬ ಮುದುಕಿ ಕೈ ಮಾಡಿ, "ಆ ಕಡೆ ಗೋಟೂರು. ಕಲ್ಪನಾ ತೀರಿಹೋದದ್ದು ಅಲ್ಲೇ" ಅಂದಳು. ನಿಜ. ಮೈಸೂರು ಸೀಮೆಯ ಕಥೆಗಳಲ್ಲಿ ನಕ್ಕು ಅತ್ತ ಆ ನಟಿ ಕಣ್ಣು ಮುಚ್ಚಿದ್ದು ನಮ್ಮ ಹುಕ್ಕೇರಿ ತಾಲ್ಲೂಕಿನ ಗೋಟೂರಿನ ಪ್ರವಾಸಿ ಮಂದಿರದಲ್ಲಿ, 1979ರ ಮೇ ತಿಂಗಳಲ್ಲಿ. ನಾಟಕಕ್ಕೆಂದು ಈ ಕಡೆ ಬಂದಿದ್ದರು. ಆಗ ಅವರಿಗೆ 35 ವರ್ಷ. ಆ ಬಸ್ಸಿನಲ್ಲಿ ಕೂಡಲೇ ನಾಲ್ಕು ಜನ ನಾಲ್ಕು ಕಥೆ ಹೇಳಿದರು. ಹೀಗಾಗಿತ್ತಂತೆ, ಹಾಗಾಗಿತ್ತಂತೆ. ಒಬ್ಬರೂ ಕಂಡವರಲ್ಲ, ಎಲ್ಲರೂ ಬಲ್ಲವರು. ನನ್ನ ತಂಗಿ ಕಿಟಕಿಯಾಚೆ ನೋಡುತ್ತಿದ್ದವಳು ಮೆಲ್ಲಗೆ ಅಂದಳು: "ಅಕ್ಕಾ, ಆಕೀನ ಯಾರಾದರೂ ಕೇಳಿದ್ರೇನ, ನಿನಗ ಏನ ತ್ರಾಸ ಐತಿ ಅಂತ?"

ನಾನು ಉತ್ತರ ಕೊಡಲಿಲ್ಲ. ಅವಳು ಕೇಳಿದ್ದು ಕಲ್ಪನಾ ಅವರ ಬಗ್ಗೆ ಅಲ್ಲವೆಂದು ನನಗೆ ಆಗಲೇ ಗೊತ್ತಿತ್ತು.

2008ರ ಶೀಗಿ ಹುಣ್ಣಿಮೆ. ಚರಗ ಚೆಲ್ಲಲು ಬಾ ಎಂದು ತಂಗಿ ಕರೆದಿದ್ದಳು. ಹೊಲದಲ್ಲಿ ಊಟ ಮಾಡಿ ಹೆಂಗಸರೆಲ್ಲ ಹಾಡು ಹೇಳಿದರು. ತಂಗಿಯೂ ಹಾಡಿದಳು, ಯಾರೋ ಏನೋ ಅಂದದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟೋ ದಿನದ ಮೇಲೆ ಹಾಗೆ ನಕ್ಕಿದ್ದಳು. ಸಂಜೆ ಮನೆಗೆ ಬಂದ ಮೇಲೆ ಅವಳ ಗಂಡ ಗುಳಿಗೆ ಹಿಡಿದುಕೊಂಡು ಬಂದ.

"ತಗೋ."

"ಡಾಕ್ಟರು ಬ್ಯಾಡ ಅಂದಾರ. ನನಗೇನಾಗೇತಿ?"

"ಮಂದ್ಯಾಗ ಹಂಗ ನಗತಾರೇನ? ತಗೋ ಅಂದೆ."

ನಾನು ಅಡಿಗೆಮನೆಯ ಬಾಗಿಲ ಮರೆಯಲ್ಲಿದ್ದೆ. ಅವನು ಅವಳ ದವಡೆ ಹಿಡಿದು ಬಾಯಿ ಅಗಲಿಸಿ ಗುಳಿಗೆ ತುರುಕಿದ. ಅವಳು ಉಸಿರು ಕಟ್ಟಿ ಒದ್ದಾಡಿದಳು. ಕೈಗೆ ಸಿಕ್ಕ ಹಿತ್ತಾಳೆ ತಾಟು ಬೀಸಿದಳು. ಅವನ ಹಣೆ ಒಡೆದು ರಕ್ತ ಬಂತು. ಆಗ ಮನೆ ಮಂದಿಯೆಲ್ಲ ಓಡಿ ಬಂದರು. ಅವರು ಕಂಡದ್ದು ರಕ್ತ, ಹಿತ್ತಾಳೆ ತಾಟು, ಕೂದಲು ಕೆದರಿದ ಹೆಂಗಸು. ಅದಕ್ಕಿಂತ ಅರ್ಧ ನಿಮಿಷ ಮೊದಲು ಆದದ್ದನ್ನು ಕಂಡವಳು ನಾನೊಬ್ಬಳೇ.

ಎಂಟು ದಿನಕ್ಕೆ ಹಿರಿಯರು ಕೂಡಿದರು. ಹಿಂದಿನ ರಾತ್ರಿ ನಮ್ಮನೆಯವರು ನನಗೆ ಹೇಳಿದ್ದರು: "ನೀ ನಡುವ ಬಾಯಿ ಹಾಕಬ್ಯಾಡ. ನಮಗೂ ಒಂದು ಹೆಣ್ಣಮಗಳ ಐತಿ, ನಾಳೆ ಆಕಿ ಲಗ್ನ ಮಾಡಬೇಕು." ಹಿರಿಯರು ಕೇಳಿದರು: "ನೀ ಅಲ್ಲೇ ಇದ್ದಿಯಲ್ಲವಾ, ಏನಾತು ಹೇಳು." ತಂಗಿ ನನ್ನನ್ನೇ ನೋಡುತ್ತಿದ್ದಳು. ನಾನು ತಲೆ ತಗ್ಗಿಸಿ, "ನಾ ಒಳಗ ರೊಟ್ಟಿ ಬಡೀತಿದ್ನಿರಿ, ನನಗೇನೂ ಗೊತ್ತಿಲ್ಲ" ಅಂದೆ.

ಅಷ್ಟೇ. ಒಂದು ಮಾತು. ಆದರೆ ಆ ಒಂದು ಮಾತಿನಿಂದ ತಂಗಿ ಅಲ್ಲಿದ್ದವರ ಕಣ್ಣಿನಲ್ಲಿ ಖಾಯಂ ಹುಚ್ಚಿಯಾದಳು.

ಮುಂದೆ ಅವಳ ಗಂಡ ಕೋರ್ಟಿಗೆ ಹೋದ. ಹೆಂಡತಿಗೆ ತಲೆ ಸರಿಯಿಲ್ಲ, ಕಾರಣವಿಲ್ಲದೆ ತಾಟಿನಿಂದ ಹೊಡೆದಳು ಎಂದು ಅರ್ಜಿಯಲ್ಲಿತ್ತು. ತಾಟು ಇತ್ತು, ಗುಳಿಗೆ ಇರಲಿಲ್ಲ. ಆ ಫ್ರೆಂಚ್ ಚಿತ್ರದ ಧ್ವನಿಮುದ್ರಣದಂತೆಯೇ, ಸದ್ದು ಇತ್ತು, ಕೈ ಯಾರದೆಂದು ಇರಲಿಲ್ಲ. ಆದರೆ 1955ರ ಹಿಂದೂ ವಿವಾಹ ಕಾಯಿದೆ, ಒಮ್ಮೆ ಜಡ್ಡು ಬಂದಿತ್ತು ಎಂಬ ಮಾತ್ರಕ್ಕೆ ಹೆಂಡತಿಯನ್ನು ಬಿಡಲು ಒಪ್ಪುವುದಿಲ್ಲ. ಗುಣವಾಗದಂಥದ್ದಿರಬೇಕು, ಇಲ್ಲವೆ ಕೂಡಿ ಬಾಳಲು ಸಾಧ್ಯವೇ ಇಲ್ಲದಷ್ಟಿರಬೇಕು. ತಂಗಿಯ ಬಳಿ ಧಾರವಾಡದ ಡಾಕ್ಟರ ಕಾಗದವಿತ್ತು. ಕೊನೆಗೆ ವಕೀಲರು ಇಬ್ಬರನ್ನೂ ಕೂಡಿಸಿ, ಪರಸ್ಪರ ಒಪ್ಪಿಗೆಯ ದಾರಿ ಹಿಡಿಸಿದರು. ಆ ದಾರಿ ನಮ್ಮ ಕಾಯಿದೆಗೆ ಸೇರಿದ್ದು 1976ರಲ್ಲಿ. ಫ್ರಾನ್ಸಿನಲ್ಲಿಯೂ ಅಂಥದ್ದೇ ಕಾನೂನು ಬಂದದ್ದು ಅದರ ಹಿಂದಿನ ವರ್ಷ, 1975ರಲ್ಲಿ. ಅಷ್ಟು ಮುಂದುವರಿದ ದೇಶ ನಮಗಿಂತ ಒಂದೇ ವರ್ಷ ಮುಂದಿತ್ತು ಅಂದರೆ ಆಶ್ಚರ್ಯವಲ್ಲವೆ? 2010ರಲ್ಲಿ ಅವರು ಬೇರೆಯಾದರು. ಮಗ ತಾಯಿಯ ಜೊತೆ ಬಂದ. ಅವನ ಅಪ್ಪನಿಗೆ ಈಗ ಬೇರೆ ಸಂಸಾರವಿದೆ.

ತಂಗಿ ಮೂಡಲಗಿಯಲ್ಲಿ ಹೊಲಿಗೆ ಯಂತ್ರ ಇಟ್ಟಳು. ಮದುವೆ ಸುಗ್ಗಿಯಲ್ಲಿ ರಾತ್ರಿ ಹನ್ನೆರಡರ ತನಕ ಬ್ಲೌಸು ಹೊಲಿದು ಮಗನನ್ನು ಇಂಜಿನಿಯರಿಂಗಿಗೆ ಹಚ್ಚಿದ್ದಾಳೆ. ಬಾಣಂತಿ ಸನ್ನಿ ಮತ್ತೆ ಯಾವತ್ತೂ ಬರಲಿಲ್ಲ. ಇಪ್ಪತ್ತು ವರ್ಷವಾಯಿತು.

ಮರುದಿನ ಮುಂಜಾನೆ ಚಹಾ ಕೊಟ್ಟು ಹುಡುಗನನ್ನು ಎದುರಿಗೆ ಕೂಡಿಸಿಕೊಂಡೆ. ಅವನ ಅಪ್ಪನನ್ನು ರಾಕ್ಷಸ ಮಾಡಲಿಲ್ಲ. ಅವನೂ ಹೆದರಿದ್ದ. ಹೆಂಡತಿ ಕೂಸನ್ನು ತನ್ನದಲ್ಲ ಅಂದ ಆ ರಾತ್ರಿಗಳನ್ನು ಅವನೂ ಕಂಡಿದ್ದ, ಮತ್ತೆ ಹಾಗಾದರೆ ಎಂಬ ಭಯ ಅವನನ್ನು ಕುರುಡು ಮಾಡಿತ್ತು. ಇದನ್ನೂ ಹೇಳಿದೆ. ದವಡೆ ಹಿಡಿದದ್ದನ್ನೂ ಹೇಳಿದೆ. ಕೊನೆಗೆ, ಹಿರಿಯರ ಮುಂದೆ ನಾನು ಸುಳ್ಳು ಹೇಳಿದೆನೆಂಬುದನ್ನೂ ಹೇಳಿದೆ. ಹೇಳುವಾಗ ಧ್ವನಿ ನಡುಗಿತು.

ಹುಡುಗ ಬಹಳ ಹೊತ್ತು ಕಪ್ಪಿನೊಳಗೆ ನೋಡುತ್ತಾ ಕುಳಿತ. "ನಾ ಸಣ್ಣಾವಿದ್ದಾಗಿಂದ ಒಂದ ಅಂಜಿಕಿ ಇತ್ತ ದೊಡ್ಡವ್ವ" ಅಂದ. "ಅವ್ವ ಖರೇನ ಹುಚ್ಚಿ ಇದ್ದಳೇನ, ನನಗೂ ಬರತೈತೇನ ಅಂತ. ಯಾರನ್ನ ಕೇಳಬೇಕಿತ್ತ?"

ಗೆಳತಿಯರೇ, ನನ್ನ ಸುಳ್ಳು ತಂಗಿಗೆ ಮಾತ್ರ ತಟ್ಟಿದೆ ಅಂದುಕೊಂಡಿದ್ದೆ. ಈ ಕೂಸು ಹದಿನೈದು ವರ್ಷ ಆ ಭಾರ ಹೊತ್ತು ನನ್ನದೇ ಮನೆಯಲ್ಲಿ ಉಂಡು ಮಲಗಿತ್ತು.

ಅದೇ ರವಿವಾರ ಇಬ್ಬರೂ ಮೂಡಲಗಿಗೆ ಹೋದೆವು. ತಂಗಿ ಯಂತ್ರದ ಮುಂದೆ ಕುಳಿತಿದ್ದಳು. ನಾನು ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ: "ಅವತ್ತ ನಾ ಎಲ್ಲಾ ನೋಡಿದ್ನೆವಾ. ಹಿರಿಯರ ಮುಂದ ಸುಳ್ಳ ಹೇಳಿದೆ."

ಅವಳು ಯಂತ್ರ ನಿಲ್ಲಿಸಿದಳು. "ಗೊತ್ತೈತಿ ಅಕ್ಕಾ. ಬಾಗಲ ಮರಿಗೆ ನಿನ್ನ ಸೀರಿ ಅಂಚ ಕಾಣತಿತ್ತು."

ಅಂದರೆ ಅವಳಿಗೆ ಅಂದಿನಿಂದಲೇ ಗೊತ್ತಿತ್ತು. ಗೊತ್ತಿದ್ದೂ ನನ್ನ ಮಗಳ ಮದುವೆಗೆ ಹನ್ನೆರಡು ಬ್ಲೌಸು ಹೊಲಿದು ಒಂದು ರೂಪಾಯಿ ತೆಗೆದುಕೊಂಡಿರಲಿಲ್ಲ. ನಾನು ಅತ್ತೆ. ಅವಳು ಅಳಲಿಲ್ಲ. ಸ್ವಲ್ಪ ಹೊತ್ತಿಗೆ, "ಹೇಳಿದಿ ಛಲೋ ಆತು. ನನಗ ಹೇಳಿದ್ದಕ್ಕಿಂತ ಇಂವಗ ಹೇಳಿದ್ದ ಛಲೋ ಆತು" ಅಂದಳು. ಮತ್ತೆ ಯಂತ್ರ ತುಳಿಯತೊಡಗಿದಳು. ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಫ್ರಾನ್ಸಿನ ಆ ಸಂಸಾರ, ಶರಪಂಜರದ ಕಾವೇರಿಯ ಸಂಸಾರ, ನನ್ನ ತಂಗಿಯ ಸಂಸಾರ, ಮೂರನ್ನೂ ಪಕ್ಕದಲ್ಲಿಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು. ಜಗಳದಿಂದ ಸಂಸಾರ ಮುರಿಯುವುದಿಲ್ಲ, ಜಗಳ ಯಾವ ಮನೆಯಲ್ಲಿಲ್ಲ? ಜಡ್ಡಿನಿಂದಲೂ ಮುರಿಯುವುದಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ನಂಬುವುದನ್ನು ಬಿಟ್ಟ ದಿನ ಮುರಿಯುತ್ತದೆ. ಮುರಿದದ್ದನ್ನು ಕೂಡಿಸುವುದು ಹೊರಗಿನವರ ಕೈಯಲ್ಲಿಲ್ಲ. ಆದರೆ ಕಂಡದ್ದನ್ನು ಕಂಡ ಹಾಗೆ ಹೇಳುವುದು ನಮ್ಮ ಕೈಯಲ್ಲಿದೆ.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಬಾಣಂತಿಯೊಬ್ಬಳಿಗೆ ನಿದ್ದೆ ಹಾರಿ, ಮಾತು ತಪ್ಪಿ, ಕೂಸು ಬೇಡವಾದರೆ ಒಂದು ದಿನವೂ ಕಾಯಬೇಡಿ. ಅವಳನ್ನೂ ಕೂಸನ್ನೂ ಒಂಟಿ ಬಿಡದೆ ಕೂಡಲೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಮನಸ್ಸಿನ ತೊಂದರೆಗಳಿಗೆ ಸರ್ಕಾರದ ಟೆಲಿ ಮಾನಸ್ ಎಂಬ ಸಹಾಯವಾಣಿ 2022ರಿಂದ ಇದೆ, ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ಗಂಡನ ಮನೆಯಲ್ಲಿ ಹಿಂಸೆಯಾದರೆ 181. ಕೋರ್ಟಿನ ವಿಷಯಕ್ಕೆ, 1987ರ ಕಾಯಿದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಅದರ ಸಂಖ್ಯೆ 15100. ಇವು ಆಗಲೇ ನನಗೆ ಗೊತ್ತಿದ್ದರೆ ಎನ್ನುವುದಿಲ್ಲ. ನನಗೆ ಬೇಕಾಗಿದ್ದದ್ದು ಸಂಖ್ಯೆಯಲ್ಲ, ಧೈರ್ಯ.

ಇದನ್ನು ಬರೆದು ಮುಗಿಸಿ ಮೊದಲು ತಂಗಿಗೆ ಓದಿ ಹೇಳಿದೆ. "ಹೆಸರು ಹಾಕಬ್ಯಾಡ, ಉಳದದ್ದು ಖರೇನ ಐತಿ" ಅಂದಳು. ಆಮೇಲೆ ನಮ್ಮನೆಯವರಿಗೆ ಓದಿದೆ. ಅವರು ಅಂದು ಹೇಳಿದ ಮಾತು ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಏನೂ ಅನ್ನಲಿಲ್ಲ.

ಮಲಗುವ ಮುಂಚೆ, "ನಾಳೆ ಅಂಗಡಿಗೆ ಹೋಗುವಾಗ ಟಪಾಲಿಗೆ ಹಾಕ್ತೀನಿ, ಕೊಡು" ಅಂದರು.